ಕಂಪನಿ ಒಳ್ಳೆಯದಾಗಿದೆ, ಸಾಲ ಕೊಡಬಹುದು

ಅವಳು ಆ ಒಂದು ಪೇಪರಿನಲ್ಲಿ ಎರಡು ಸಲ ಫೇಲಾದದ್ದು ಲೆಕ್ಕ ಬಾರದೆ ಅಲ್ಲ. ನನ್ನಿಂದ. ಬೀದಿಯವರು ಮೊಬೈಲಿಂದ ಅಂದರು, ಕಾಲೇಜು ಸರಿಯಿಲ್ಲ ಅಂದರು. ಹಿಂದಿನ ಬೀದಿಯವಳೊಬ್ಬಳು, "ಶೃಂಗೇರಿಗೆ ಕರ್ಕೊಂಡು ಹೋಗಿ ಇನ್ನೊಂದ್ಸಲ ಅಕ್ಷರಾಭ್ಯಾಸ ಮಾಡಿಸು ಮಾರಾಯ್ತಿ" ಅಂತ ನಲ್ಲಿಯ ಹತ್ತಿರ ನಿಂತು ನಕ್ಕಳು. ಅದ್ಯಾವುದೂ ಅಲ್ಲ. ಆ ಹುಡುಗಿಯ ಬಾಯಿ ಹೊಲಿದವಳು ನಾನು. ಹೊಲಿದ ಬಾಯಿಯಿಂದ ಉತ್ತರ ಬರಲಿಲ್ಲ. ನಡೆದದ್ದು ಇಷ್ಟೇ.

ಅವಳು ಅಂದರೆ ನನ್ನ ಮೊಮ್ಮಗಳು, ಮಗಳ ಮಗಳು. ಅವಳಿಗೆ ಐದು ತುಂಬುವ ಮೊದಲೇ ನನ್ನ ಮಗಳು ಗಂಡನ ಮನೆ ಬಿಟ್ಟು ಬಂದಳು. ಎರಡು ವರ್ಷ ಬಿಟ್ಟು ಇನ್ನೊಂದು ಮದುವೆಯಾಗಿ ಘಟ್ಟದ ಕೆಳಗೆ ಹೋದಳು. ಆ ಮನೆಯವರಿಗೆ ಸೊಸೆ ಬೇಕಿತ್ತು, ಸೊಸೆಯ ಮಗು ಬೇಕಿರಲಿಲ್ಲ. ಹುಡುಗಿ ನನ್ನ ಹತ್ತಿರ ಉಳಿದಳು. ಇದರಲ್ಲಿ ಅಳುವಂಥದ್ದೇನೂ ಇಲ್ಲ. ಹಾಗೆ ಉಳಿದ ಮಕ್ಕಳು ಎಲ್ಲ ಬೀದಿಯಲ್ಲೂ ಇದ್ದಾರೆ.

ನಾನು ಓದಿದ್ದು ನಾಲ್ಕನೇ ಕ್ಲಾಸಿನ ತನಕ. ಕೊಪ್ಪದ ಒಂದು ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡಿಕೊಂಡಿದ್ದೆ. ಅರವತ್ತಾಯಿತು ಅಂತ ಬಿಡಿಸಿದರು. ನಮ್ಮ ಮನೆ ಬಾಳಗಡಿಯಲ್ಲಿ, ಕಾಲೇಜಿಗೆ ನಡೆದು ಹೋಗುವಷ್ಟು ದೂರ. ಎರಡು ಕೋಣೆ, ಒಂದು ಅಡುಗೆಮನೆ, ಮೇಲೆ ಶೀಟು. ಆ ಎರಡು ಕೋಣೆಯಲ್ಲಿ ನಾವಿಬ್ಬರೂ ಹದಿನೈದು ವರ್ಷ ಇದ್ದೆವು. ಆಡಿದ ಮಾತು ಒಟ್ಟು ಹಾಕಿದರೆ ಒಂದು ನೋಟುಬುಕ್ಕೂ ತುಂಬುವುದಿಲ್ಲ. "ನೀರು ಬಂತು." "ಹಿಡಿದೆ." "ಊಟಕ್ಕೆ ಬಾ." "ಬಂದೆ." ಜಗಳ ಇರಲಿಲ್ಲ. ಒಳ್ಳೆ ಹುಡುಗಿ, ತಗ್ಗಿಬಗ್ಗಿ ನಡೆಯುತ್ತಾಳೆ, ಎದುರು ಮಾತಿಲ್ಲ ಅಂತ ಎಲ್ಲರೂ ಹೇಳುತ್ತಿದ್ದರು. ನಾನೂ ಹಾಗೇ ತಿಳಿದಿದ್ದೆ.

ಬಿ.ಕಾಂ.ನ ಬೇರೆ ಎಲ್ಲ ಪೇಪರೂ ಮುಗಿಸಿದ್ದಳು. ಉಳಿದದ್ದು ಇದೊಂದೇ. ಕಂಪನಿಗಳ ಲೆಕ್ಕಪತ್ರ ಕೊಡುತ್ತಾರೆ, ಅದನ್ನು ನೋಡಿ ಆ ಕಂಪನಿ ಹೇಗಿದೆ ಅಂತ ಹೇಳಬೇಕು. ನರಸಿಂಹರಾಜಪುರದಲ್ಲಿ ಒಬ್ಬರು ಆಡಿಟರು ಅವಳಿಗೆ ಆಫೀಸಿನಲ್ಲಿ ಕೆಲಸ ಕೊಡುತ್ತೇನೆ ಅಂದಿದ್ದರು. ಆದರೆ ಪಾಸಾದ ಕಾರ್ಡು ತಂದು ತೋರಿಸಬೇಕು. ಎರಡನೇ ಸಲ ಫೇಲಾದಾಗ ನಾನೂ ಅವಳ ಜೊತೆ ಹೋಗಿ ಅವರ ಎದುರು ನಿಂತೆ.

"ನೋಡಮ್ಮ, ಹುಡುಗಿ ಚುರುಕಿದ್ದಾಳೆ, ಇಲ್ಲ ಅನ್ನಲ್ಲ" ಅಂದರು. "ಇನ್ನೊಂದು ಸಲ ರಿಸಲ್ಟ್ ಬರೋ ತನಕ ಆ ಕುರ್ಚಿ ಖಾಲಿ ಇಡ್ತೇನೆ. ಆಮೇಲೆ ಬೇರೆಯವರನ್ನ ಕೂರಿಸ್ತೇನೆ. ನನಗೂ ಕೆಲಸ ಆಗ್ಬೇಕಲ್ಲ."

ನ್ಯಾಯದ ಮಾತು. ಆ ಕುರ್ಚಿ ಹೋದರೆ ಅವಳಿಗೆ ಕೊಪ್ಪದ ಬಟ್ಟೆ ಅಂಗಡಿಯೇ ಗತಿ. ಅಲ್ಲಿ ಆಗಲೇ ಒಂದು ವರ್ಷದಿಂದ ನಿಂತಿದ್ದಳು. ಬೆಳಿಗ್ಗೆಯಿಂದ ಸಂಜೆ ತನಕ ಸೀರೆ ಬಿಚ್ಚುವುದು, ಮಡಚುವುದು. ಯಾವ ಸೀರೆ ತೋರಿಸಿದರೂ "ನಿಮಗೆ ಚೆನ್ನಾಗಿ ಕಾಣ್ತದೆ ಅಕ್ಕ" ಅನ್ನುವುದು. ಆ ಕೆಲಸದಲ್ಲಿ ಅವಳಿಗೆ ಒಳ್ಳೆಯ ಹೆಸರಿತ್ತು. ಅದು ಯಾಕೆ ಅಂತ ನನಗೆ ಆಮೇಲೆ ಹೊಳೆಯಿತು.

ಉತ್ತರ ಬರೆದ ಪೇಪರಿನ ಪ್ರತಿ ಬೇಕಾದರೆ ದುಡ್ಡು ಕಟ್ಟಿ ತರಿಸಿಕೊಳ್ಳಬಹುದಂತೆ. ತರಿಸಿದಳು. ಮೊಬೈಲಿಗೆ ಬಂತು, ಅಂಗಡಿಯಲ್ಲಿ ಪ್ರಿಂಟು ಹಾಕಿಸಿದಳು, ಅಕ್ಕಿ ಡಬ್ಬದ ಮೇಲೆ ಇಟ್ಟು ಅಂಗಡಿಗೆ ಹೋದಳು. ನನಗೆ ತೋರಿಸಬೇಕು ಅಂತಲೂ ಅಲ್ಲ, ಮುಚ್ಚಿಡಬೇಕು ಅಂತಲೂ ಅಲ್ಲ. ಅಡುಗೆಮನೆಯ ಅಜ್ಜಿಗೆ ಅದರಲ್ಲಿ ಏನು ತಿಳಿಯುತ್ತದೆ ಅಂತ ಇರಬೇಕು. ಅಕ್ಕಿ ತೆಗೆಯುವಾಗ ಕೈಗೆ ಸಿಕ್ಕಿತು. ಕನ್ನಡದಲ್ಲಿ ಬರೆದಿದ್ದಳು. ಕನ್ನಡಕ ಹಾಕಿಕೊಂಡು ಕೂತೆ.

ಪ್ರತಿ ಪ್ರಶ್ನೆಗೂ ಎರಡು ಭಾಗ. ಮೊದಲು ಲೆಕ್ಕ ಮಾಡಬೇಕು. ಆಮೇಲೆ "ನಿಮ್ಮ ಅಭಿಪ್ರಾಯ ಬರೆಯಿರಿ" ಅಂತ ಇದೆ. ಲೆಕ್ಕದ ಪಕ್ಕದಲ್ಲೆಲ್ಲ ಕೆಂಪು ಶಾಯಿಯಲ್ಲಿ ಸರಿ ಅಂತ ಗೀಟು. ಒಂದೇ ಲೆಕ್ಕವನ್ನು ಎರಡು ಸಲ ಮಾಡಿ ತಾಳೆ ನೋಡಿದ್ದೂ ಕಂಡಿತು. ಹೊತ್ತೆಲ್ಲ ಅದಕ್ಕೇ ಹೋಗಿದೆ. ಅದರ ಕೆಳಗೆ, ಅಭಿಪ್ರಾಯದ ಜಾಗದಲ್ಲಿ, "ಕಂಪನಿಯು ಒಳ್ಳೆಯದಾಗಿದೆ. ಸಾಲ ಕೊಡಬಹುದು." ಪಕ್ಕದಲ್ಲಿ ಸೊನ್ನೆ. ಪುಟ ಮಗುಚಿದೆ. ಬೇರೆ ಕಂಪನಿ, ಬೇರೆ ಲೆಕ್ಕ. "ಕಂಪನಿಯು ಒಳ್ಳೆಯದಾಗಿದೆ. ಪ್ರಗತಿ ಹೊಂದುತ್ತಿದೆ." ಸೊನ್ನೆ. ಹೀಗೆ ಐದು ಕಂಪನಿ. ಐದೂ ಒಳ್ಳೆಯದು. ಕೊನೆಯ ಎರಡು ಪ್ರಶ್ನೆ ಮುಟ್ಟಿಯೇ ಇಲ್ಲ. ಎರಡು ಮಾರ್ಕಿಗೆ ಫೇಲು.

ನಾಲ್ಕನೇ ಕಂಪನಿಯ ಲೆಕ್ಕ ನೋಡಿದೆ. ದೊಡ್ಡ ದೊಡ್ಡ ಮಾತು ಬಿಟ್ಟು ಹೇಳುವುದಾದರೆ ಇಷ್ಟು: ಲಾಭ ಹೋದ ವರ್ಷಕ್ಕಿಂತ ಹೆಚ್ಚು. ಕೈಯಲ್ಲಿ ನಗದು ಇಲ್ಲ. ಬ್ಯಾಂಕಿನಿಂದ ಇದ್ದದ್ದಕ್ಕಿಂತ ಹೆಚ್ಚು ತೆಗೆದಿದ್ದಾರೆ. ಉಗ್ರಾಣದಲ್ಲಿ ಮಾಲು ದುಪ್ಪಟ್ಟಾಗಿದೆ. ನನಗೆ ಉಗ್ರಾಣ ಗೊತ್ತು. ಶಾಲೆಯ ಸ್ಟಾಕ್ ಪುಸ್ತಕದಲ್ಲಿ ಐದು ಮೂಟೆ ಅಕ್ಕಿ ಅಂತ ಇರುತ್ತದೆ. ಹುಳ ಬಿದ್ದ ಮೂಟೆಯೂ ಪುಸ್ತಕದಲ್ಲಿ ಮೂಟೆಯೇ. ಮಕ್ಕಳ ತಟ್ಟೆಗೆ ಹಾಕಲು ಹೋದಾಗ ಅದು ಮೂಟೆ ಅಲ್ಲ. ಇಷ್ಟು ನನಗೇ ಕಾಣುವಾಗ ಅವಳಿಗೆ ಕಾಣಲಿಲ್ಲ ಅಂದರೆ ನಾನು ನಂಬುವುದಿಲ್ಲ.

ಆ "ಒಳ್ಳೆಯದಾಗಿದೆ" ಎಲ್ಲಿಂದ ಬಂತು ಅಂತ ನನಗೆ ಆವಾಗಲೇ ಗೊತ್ತಾಯಿತು. ಅದನ್ನೂ ಬರೆದುಬಿಡುತ್ತೇನೆ.

ನಮ್ಮ ಕಡೆ ಹೆಣ್ಣು ಕೊಡುವ ಮೊದಲು ಗಂಡಿನ ಅಕ್ಕಪಕ್ಕದ ಮನೆಗೆ ಹೋಗಿ ವಿಚಾರಿಸುವ ಪದ್ಧತಿ ಉಂಟು. ಕೇಳುವವರಿಗೂ ಗೊತ್ತು, ಹೇಳುವವರಿಗೂ ಗೊತ್ತು, ಯಾರೂ ಒಂದು ಮದುವೆ ಮುರಿದ ಪಾಪ ತಲೆಗೆ ಕಟ್ಟಿಕೊಳ್ಳುವುದಿಲ್ಲ ಅಂತ. ಕಾಫಿ ಕೊಡುತ್ತಾರೆ, "ಒಳ್ಳೆ ಜನ" ಅನ್ನುತ್ತಾರೆ, ಮುಗಿಯಿತು. ನನ್ನ ಮಗಳನ್ನು ಕಿಗ್ಗದ ಕಡೆ ಕೊಡುವಾಗ ನಾನೂ ನಾಲ್ಕು ಮನೆಯಲ್ಲಿ ವಿಚಾರಿಸಿದ್ದೆ. ನಾಲ್ಕು ಕಡೆಯೂ ಕಾಫಿ ಕುಡಿದೆ. ನಾಲ್ಕು ಕಡೆಯೂ ಒಳ್ಳೆ ಜನ. ಮಗಳು ಮೈಮೇಲೆ ಬಾಸುಂಡೆ ಇಟ್ಟುಕೊಂಡು ಬಂದಮೇಲೆ ಆ ನಾಲ್ಕರಲ್ಲಿ ಒಬ್ಬಳು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿ, "ನಮಗೆ ಮೊದಲೇ ಗೊತ್ತಿತ್ತು, ಹೇಳೋದು ಹೇಗೆ" ಅಂದಳು.

ಇಷ್ಟು ಕಂಡವಳು ನಾನು. ಆದರೂ ಮಾಡಿದ್ದು ಇದು. ಮೊಮ್ಮಗಳಿಗೆ ಎಂಟು ವರ್ಷ. ನಮ್ಮ ಎದುರುಮನೆಯ ಗಂಡಿಗೆ ನರಸಿಂಹರಾಜಪುರದ ಕಡೆಯಿಂದ ಹೆಣ್ಣಿನವರು ವಿಚಾರಿಸಲು ನಮ್ಮ ಮನೆಗೆ ಬಂದರು. ನಾನು ಒಳಗೆ ಕಾಫಿಗೆ ನೀರಿಟ್ಟಿದ್ದೆ. ಬಂದ ಹೆಂಗಸು ಜಗಲಿಯಲ್ಲಿದ್ದ ಹುಡುಗಿಯನ್ನು ಸುಮ್ಮನೆ ಮಾತಿಗೆ ಎಳೆದಳು, ಎದುರುಮನೆಯವರು ನಿನಗೆ ತಿಂಡಿ ಕೊಡ್ತಾರಾ ಪುಟ್ಟಿ ಅಂತ. ಹುಡುಗಿ ಹೇಳಿತು, "ಕೊಡ್ತಾರೆ. ಆದ್ರೆ ಆ ಮಾವ ಕುಡ್ಕೊಂಡು ಬಂದು ಅತ್ತೆಗೆ ಹೊಡೀತಾರೆ. ಅಣ್ಣನೂ ಹೊಡೀತಾನೆ."

ಅಣ್ಣ ಅಂದರೆ ಆ ಗಂಡೇ. ಒಂದಕ್ಷರ ಸುಳ್ಳಿಲ್ಲ. ಬೀದಿಗೆಲ್ಲ ಗೊತ್ತಿದ್ದ ವಿಷಯ. ಬಂದವರು ಕಾಫಿ ಕುಡಿಯದೆ ಎದ್ದು ಹೋದರು. ನಾನು ಸೌಟು ತಿರುಗಿಸಿ ಹಿಡಿಯ ಕಡೆಯಿಂದ ಹುಡುಗಿಯ ಬಾಯಿಗೆ ಕೊಟ್ಟೆ. ತುಟಿ ಒಡೆಯಿತು. ಆಮೇಲೆ ಗೋಡೆಗೆ ನಿಲ್ಲಿಸಿ ಹೇಳಿಕೊಟ್ಟೆ, ಯಾರು ಯಾರ ಬಗ್ಗೆ ಕೇಳಿದರೂ ಒಂದೇ ಉತ್ತರ, ಒಳ್ಳೆ ಜನ. ಹತ್ತು ಸಲ ಹೇಳಿಸಿದೆ. ತುಟಿಯಿಂದ ರಕ್ತ ಬರುತ್ತಿರುವಾಗಲೇ ಹೇಳಿತು.

ಎದುರುಮನೆಯವರು ಅವತ್ತಿನಿಂದ ನಮ್ಮ ಕಡೆ ತಿರುಗಿ ನೋಡಲಿಲ್ಲ. ಅವರ ಜೊತೆ ಸೇರಿ ಬೀದಿಯ ಅರ್ಧ ಜನ ಬರುವುದು ಬಿಟ್ಟರು. ಆ ಸಿಟ್ಟನ್ನೂ ನಾನು ಹುಡುಗಿಯ ಮೇಲೆಯೇ ತೀರಿಸಿಕೊಂಡೆ. ಹೊಡೆದು ಅಲ್ಲ. ಮಾತು ಬಿಟ್ಟು.

ಪೇಪರು ಕೈಗೆ ಸಿಕ್ಕಿದ ದಿನ ಸಂಜೆ ಅವಳು ಅಂಗಡಿಯಿಂದ ಬಂದು ಕಾಲು ತೊಳೆದುಕೊಂಡು ಒಳಗೆ ಬಂದಾಗ ಅದು ನನ್ನ ತೊಡೆಯ ಮೇಲಿತ್ತು.

"ಇದೆಂಥ ಮಾರಾಯ್ತಿ, ಐದು ಕಂಪನಿಯೂ ಒಳ್ಳೆಯದಾ?"

ಬ್ಯಾಗನ್ನು ಮೊಳೆಗೆ ಸಿಕ್ಕಿಸಿದಳು.

"ಈ ನಾಲ್ಕನೇದಕ್ಕೂ ಸಾಲ ಕೊಡಬಹುದಾ?"

"ಲಾಭ ಬಂದಿದೆಯಲ್ಲ ಅಜ್ಜಿ."

"ಎಲ್ಲಿದೆ ಲಾಭ? ತೋರಿಸು."

ಅವಳು ಬಗ್ಗಿ ಬೆರಳಿಟ್ಟಳು. "ಇಲ್ಲಿ, ಮಾಲಿನಲ್ಲಿ ಸಿಕ್ಕಿಕೊಂಡಿದೆ. ಇಲ್ಲಿ, ಸಾಲಕ್ಕೆ ಮಾರಿದ್ದಾರೆ, ಅದಿನ್ನೂ ಬಂದಿಲ್ಲ."

"ಅಂದ್ರೆ ಗೊತ್ತಿದೆ ನಿನಗೆ."

"ಗೊತ್ತಿದೆ."

"ಗೊತ್ತಿದ್ದೂ ಬರೀಲಿಲ್ಲ, ಎಂತಕ್ಕೆ?"

"ಹಾಗೆಲ್ಲ ಬರೆಯೋದು ಹೇಗೆ ಅಜ್ಜಿ? ಕಂಪನಿ ಮುಳುಗ್ತದೆ ಅಂತ?"

"ಯಾವ ಊರಿನ ಕಂಪನಿ ಅದು?"

"ಊರಿಲ್ಲ. ಪರೀಕ್ಷೆಗೆ ಅಂತ ಸುಮ್ನೆ ಮಾಡಿದ್ದು."

ಊರಿಲ್ಲದ, ಬಾಗಿಲಿಲ್ಲದ ಕಂಪನಿ. ಅದರ ಬಗ್ಗೆಯೂ ಕೆಟ್ಟದು ಹೇಳಲು ಅವಳ ಕೈ ಏಳಲಿಲ್ಲ. ಪೇಪರು ಮಡಚಿ ಅಕ್ಕಿ ಡಬ್ಬದ ಮೇಲೆ ಇಟ್ಟು ಅನ್ನಕ್ಕೆ ಎಸರಿಟ್ಟೆ.

ಮುಂದಿನ ಪರೀಕ್ಷೆಗೆ ಎರಡೂವರೆ ತಿಂಗಳು ಇತ್ತು. ನಾನು ಹಳೆಯ ಪ್ರಶ್ನೆಪತ್ರಿಕೆಗಳನ್ನು ಕೊಡು ಅಂದೆ. ಯಾಕೆ ಅಂತ ಕೇಳದೆ ಕೊಟ್ಟಳು. ಸಂಜೆ ಅಂಗಡಿಯಿಂದ ಬಂದ ಮೇಲೆ ಒಂದು ಗಂಟೆ ನಾನು ಕೇಳುವುದು, ಅವಳು ಬಾಯಲ್ಲಿ ಹೇಳುವುದು ಅಂತ ಮಾಡಿದೆ. ಲೆಕ್ಕ ಬೇಡ, ಲೆಕ್ಕ ಅವಳಿಗೆ ಬರುತ್ತದೆ. ಅಭಿಪ್ರಾಯ ಮಾತ್ರ.

ಮೊದಲ ದಿನ ನಾನು, "ಈ ಕಂಪನಿಗೆ ಸಾಲ ಕೊಡಬಹುದೇ? ಕಾರಣ ಕೊಡಿ" ಅಂತ ಓದಿದೆ. ಅವಳು ಬಾಯಿ ತೆರೆದಳು, ಮುಚ್ಚಿದಳು. "ಕಂಪನಿಯ ಸ್ಥಿತಿ ತೃಪ್ತಿಕರ..." ಅಂದಳು. ಎರಡನೇ ದಿನವೂ ತೃಪ್ತಿಕರ. ಮೂರನೇ ದಿನವೂ ಅದೇ. ಬೈದರೆ ಇನ್ನೂ ಒಳಗೆ ಹೋಗುತ್ತಾಳೆ ಅಂತ ಗೊತ್ತಿತ್ತು. ಆದರೂ ಬೈದೆ. ಒಳಗೆ ಹೋದಳು. ಎರಡು ದಿನ ಪ್ರಶ್ನೆಪತ್ರಿಕೆ ಮುಟ್ಟಲಿಲ್ಲ.

ಆಮೇಲೆ ಒಂದು ಸಂಜೆ ನಾನು ಸೆರಗು ಹೊದ್ದುಕೊಂಡು ಹೊರಗೆ ಹೋಗಿ, ಮತ್ತೆ ಮೆಟ್ಟಿಲು ಹತ್ತಿ ಒಳಗೆ ಬಂದು, ಅವಳ ಎದುರು ಚಾಪೆಯಲ್ಲಿ ಕೂತು ಪ್ರಶ್ನೆಪತ್ರಿಕೆಯ ಒಂದು ಕಂಪನಿಯ ಮೇಲೆ ಬೆರಳಿಟ್ಟೆ.

"ನಾನು ಹೆಣ್ಣಿನ ಕಡೆಯವಳು. ನನ್ನ ಮಗಳನ್ನ ಈ ಎಕ್ಸ್ ಲಿಮಿಟೆಡ್ ಮನೆಗೆ ಕೊಡಬೇಕು ಅಂತಿದ್ದೇನೆ. ನೀವು ಎದುರುಮನೆಯವರಂತೆ. ಹೇಗಮ್ಮ, ಆ ಮನೆ?"

ಅವಳು ನನ್ನ ಮುಖ ನೋಡಿದಳು. ನಗುತ್ತಾಳೆ ಅಂದುಕೊಂಡೆ. ನಗಲಿಲ್ಲ.

"ಮಾರಾಟ ಜೋರಿದೆ" ಅಂದಳು.

"ಅದು ನಾವೂ ನೋಡಿದ್ವಿ. ಗೇಟಿಗೆ ಹೊಸ ಬಣ್ಣ ಹೊಡೆದಿದ್ದಾರೆ. ಒಳಗೆ ಹೇಗೆ?"

"ಒಳಗೆ... ಒಂದು ವರ್ಷದೊಳಗೆ ಕೊಡಬೇಕಾದ್ದು ಎಂಟು ಲಕ್ಷ. ಕೈಗೆ ಬರೋದು ಆರು."

"ಹಾಗಾದ್ರೆ?"

"ಸ್ವಲ್ಪ ಕಷ್ಟ."

"ಸ್ವಲ್ಪವಾ, ಪೂರ್ತಿಯಾ?"

"ಪೂರ್ತಿ."

"ಹೆಣ್ಣು ಕೊಡಬಹುದಾ?"

ಕಾಲೇಜು ಹಾಸ್ಟೆಲಿನ ಹುಡುಗಿಯರು ಗಲಾಟೆ ಮಾಡಿಕೊಂಡು ನಮ್ಮ ಗೇಟು ದಾಟಿ ಹೋದದ್ದು ಕೇಳಿತು. ನಮ್ಮ ಬಾಗಿಲಿಗೆ ಯಾರೂ ಬಂದು ಹಾಗೆ ಗಲಾಟೆ ಮಾಡಿದವರಲ್ಲ.

"ಬೇಡ" ಅಂದಳು. ನನಗಲ್ಲ, ಚಾಪೆಗೆ ಹೇಳಿದ ಹಾಗೆ.

"ಕಾರಣ ಕೊಡು."

ಕೊಟ್ಟಳು. ಎರಡು ಕಾರಣ. ನಾನು ಇನ್ನೊಂದು ಕೇಳಿದೆ. ಅದನ್ನೂ ಕೊಟ್ಟಳು.

ಅಲ್ಲಿಂದ ದಾರಿ ಸಿಕ್ಕಿತು. ದಿನಾ ನಾನು ಒಂದೊಂದು ಕಂಪನಿಗೆ ಹೆಣ್ಣು ಕೊಡಲು ಹೊರಟವಳು, ಅವಳು ಬೇಡ ಅನ್ನುವವಳು. ಒಳ್ಳೆಯ ಕಂಪನಿಯೂ ಇರುತ್ತಿತ್ತು, ಕೊಡಿ ಅನ್ನುತ್ತಿದ್ದಳು, ಅದಕ್ಕೂ ನಾನು ಕಾರಣ ಕೇಳುತ್ತಿದ್ದೆ. ಸಾಲ ಮಾಡಿ ಮೆಷಿನ್ನು ತಂದ ಮನೆ ಬೇರೆ, ಸಾಲ ಮಾಡಿ ಪಾಲುದಾರರಿಗೆ ಹಂಚಿ ತಿಂದ ಮನೆ ಬೇರೆ ಅಂತ ಅವಳು ನನಗೆ ಬಿಡಿಸಿ ಹೇಳಿದಳು. ಕೈಗೆ ಬರುವುದು ಎರಡು, ಕೊಡಬೇಕಾದ್ದು ಒಂದು ಇದ್ದರೆ ಸಾಮಾನ್ಯವಾಗಿ ಸರಿ ಅಂತ ಪುಸ್ತಕದಲ್ಲಿ ಇದೆಯಂತೆ. ಅನ್ನಕ್ಕೆ ನೀರು ಹಾಕುವ ಹಾಗೆ ಅಂದೆ. "ಹೌದು, ಆದ್ರೆ ಎಲ್ಲ ಅಕ್ಕಿಗೂ ಒಂದೇ ನೀರಲ್ಲ" ಅಂದಳು. ಅಷ್ಟು ಉದ್ದದ ಮಾತು ಅವಳಿಂದ ಕೇಳಿ ಎಷ್ಟು ವರ್ಷವಾಗಿತ್ತೋ.

ಒಂದು ದಿನ ಒಂದು ಕಂಪನಿಗೆ ಕೈಗೆ ಬರುವುದು ಆರು, ಕೊಡಬೇಕಾದ್ದು ಒಂದೇ. ನಾನು ಪಾತ್ರೆಯಲ್ಲಿ ಸಾರು ತಿರುವುತ್ತಾ, "ಇದಕ್ಕೆ ಕಣ್ಣು ಮುಚ್ಚಿ ಕೊಡಬಹುದು" ಅಂದೆ.

"ಇಲ್ಲ. ದುಡ್ಡು ಸುಮ್ನೆ ಬಿದ್ದಿದೆ. ಯಾವುದಕ್ಕೂ ಹಾಕ್ತಿಲ್ಲ. ಅದೂ ಒಳ್ಳೇದಲ್ಲ."

"ಇದ್ರೆ ಇರಲಿ ಬಿಡು. ಇಲ್ಲದ್ದಕ್ಕಿಂತ ವಾಸಿ."

"ಇಲ್ಲ ಅಜ್ಜಿ. ನೀನು ಹೇಳೋದು ತಪ್ಪು."

ಈ ಮನೆಯಲ್ಲಿ ಆ ಮಾತನ್ನು ಯಾರೂ ನನಗೆ ಹೇಳಿದ್ದಿಲ್ಲ. ಸಿಟ್ಟು ನೆತ್ತಿಗೇರಿತು. ಕೈಯಲ್ಲಿ ಸೌಟಿತ್ತು. ಅವಳ ಕಣ್ಣು ಸೌಟಿನ ಮೇಲೆಯೇ ಇತ್ತು. ಹಿಂದೆ ಸರಿಯಲಿಲ್ಲ. ನಾನು ಸೌಟನ್ನು ಪಾತ್ರೆಯೊಳಗೆ ಬಿಟ್ಟು, "ಮುಂದಿನ ಪ್ರಶ್ನೆ ತೆಗಿ" ಅಂದೆ.

ಪರೀಕ್ಷೆಗೆ ಶೃಂಗೇರಿಯಲ್ಲಿ ಸೆಂಟರು ಹಾಕಿದ್ದರು. ಬೆಳಗಿನ ಬಸ್ಸಿಗೆ ಕೊಪ್ಪದಿಂದ ಇಬ್ಬರೂ ಹೊರಟೆವು. ಅವಳು ಬೇಡ ಅಂದಳು, ನಾನೇ ಹೋದೆ. ಹರಿಹರಪುರ ದಾಟಿದ ಮೇಲೆ ಅವಳು, "ಯಾವ ಮನೆಗಾದರೂ ಹೆಣ್ಣು ಕೊಡಬೇಕಾ ನಿಂಗೆ?" ಅಂದಳು. "ಇವತ್ತು ಹೆಣ್ಣು ಖಾಲಿ, ಎಲ್ಲ ಕೊಟ್ಟು ಮುಗೀತು" ಅಂದೆ. ಕಿಟಕಿಯ ಕಡೆ ತಿರುಗಿ ನಕ್ಕಳು. ಎದುರಿಗೆ ನಗುವುದು ಅವಳಿಗೆ ಕಡೆಗೂ ಬರಲಿಲ್ಲ.

ಅವಳು ಒಳಗೆ ಹೋದ ಮೇಲೆ ನಾನು ಬಸ್‌ಸ್ಟ್ಯಾಂಡಿಗೆ ಬಂದು ಕೂತೆ. ದೇವಸ್ಥಾನಕ್ಕೆ ಹೋಗಬಹುದಿತ್ತು. ಹೋಗಿದ್ದರೆ ಏನು ಕೇಳಬೇಕು ಅಂತ ಖಚಿತವಿರಲಿಲ್ಲ. ಮೂರು ಗಂಟೆ ಕೂತೆ. ಪಕ್ಕದಲ್ಲಿ ಬಯಲುಸೀಮೆಯಿಂದ ಬಂದ ಒಂದು ಸಂಸಾರ, ಮಗುವಿಗೆ ಅಕ್ಷರಾಭ್ಯಾಸ ಮಾಡಿಸಿಕೊಂಡು ಬಂದಿದ್ದರು. ಮಗುವಿನ ಕೈಯಲ್ಲಿ ಸ್ಲೇಟಿತ್ತು. ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು, ಯಾರೂ ಯಾರದನ್ನೂ ಕೇಳುತ್ತಿರಲಿಲ್ಲ. ನನಗೆ ಜರುಗಿ ಕೂರಿ ಅಂದರು. ಜರುಗಿದೆ.

ನರಸಿಂಹರಾಜಪುರ ದೂರವಲ್ಲ, ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬಂದುಬಿಡಬಹುದು ಅಂತ ನಾನು ಎಲ್ಲರ ಹತ್ತಿರ ಹೇಳಿಕೊಂಡು ಬಂದಿದ್ದೆ. ಬಾಯಲ್ಲಿ ಹೇಳಿದ್ದು ಹಾಗೆ. ಒಳಗೆ ಗೊತ್ತಿತ್ತು, ಆ ಕುರ್ಚಿ ಸಿಕ್ಕಿದರೆ ಅವಳು ಹೋಗುತ್ತಾಳೆ. ಫೇಲಾದರೆ ಇರುತ್ತಾಳೆ. ನಿನಗೆ ಯಾವುದು ಬೇಕು ಅಂತ ಆ ಬೆಂಚಿನ ಮೇಲೆ ನನ್ನನ್ನೇ ಕೇಳಿಕೊಂಡೆ. ಪಾಸಾಗಲಿ ಅಂತ ಥಟ್ಟನೆ ಬರಲಿಲ್ಲ. ಸ್ವಲ್ಪ ಹೊತ್ತು ಹಿಡಿಯಿತು. ಆ ಹೊತ್ತನ್ನು ಮುಚ್ಚಿಡುವುದಿಲ್ಲ.

ಮಧ್ಯಾಹ್ನ ಅವಳು ಪರೀಕ್ಷೆ ಮುಗಿಸಿ ಬಸ್‌ಸ್ಟ್ಯಾಂಡಿಗೇ ಬಂದಳು. ಬೆರಳಿಗೆ ಶಾಯಿ ಹತ್ತಿತ್ತು.

"ಎಂತ ಬರೆದೆ?"

"ಕೊಡಬಾರದು ಅಂತ ಬರೆದೆ. ಐದು ಕಾರಣ ಕೊಟ್ಟೆ."

"ಐದೇ?"

"ಆರನೇದೂ ಇತ್ತು. ಬೆಲ್ಲಾಯ್ತು."

ಪಾಸಾದಳು. ಬಟ್ಟೆ ಅಂಗಡಿಯಿಂದ ಹೊತ್ತಿಗೆ ಮೊದಲೇ ಬಂದು ಮೊಬೈಲು ನನ್ನ ಮುಖದ ಹತ್ತಿರ ಹಿಡಿದಳು. ಎಂಬತ್ತಕ್ಕೆ ಐವತ್ತನಾಲ್ಕು. ಕನ್ನಡಕ ಇಲ್ಲದೆ ಕಾಣಲಿಲ್ಲ, ಅವಳೇ ಓದಿದಳು. ನಾನು ಸರಿ ಅಂದೆ. ಒಂದು ಲೋಟ ಕಾಫಿ ಮಾಡಿ ಕೊಟ್ಟೆ. ಆಡಿಟರು ಸೋಮವಾರದಿಂದ ಬಾ ಅಂದರಂತೆ. ಆ ಶನಿವಾರ ಮಧ್ಯಾಹ್ನ ಅವಳು ಬಟ್ಟೆ ಜೋಡಿಸುತ್ತಾ ಕೂತಿದ್ದಳು. ಎರಡು ಜೊತೆ ಅಲ್ಲ, ಎಲ್ಲ ಬಟ್ಟೆ.

"ಇಷ್ಟೆಲ್ಲ ಎಂತಕ್ಕೆ? ಬಸ್ಸಿಗೆ ಹೋಗಿ ಬರೋದಲ್ವಾ?"

"ನಾನು ಅಲ್ಲೇ ಇರ್ತೇನೆ ಅಜ್ಜಿ. ಆಫೀಸಿನ ಇನ್ನೊಂದು ಹುಡುಗಿಯ ರೂಮಿದೆ."

"ಬಸ್ಸಿದೆಯಲ್ಲ."

"ಬಸ್ಸಿದೆ."

"ಮತ್ತೆ?"

ಮಡಚಿದ ಚೂಡಿದಾರನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ಕಡೆ ತಿರುಗಿದಳು. "ನಿಜ ಹೇಳ್ಲಾ, ಒಳ್ಳೆ ಜನ ಅನ್ಲಾ?"

"ನಿಜ ಹೇಳು. ಕಾರಣ ಸಮೇತ."

"ಈ ಮನೆಗೆ ಬಂದ್ರೆ ನನ್ನ ಗಂಟಲು ಕಟ್ತದೆ. ಹದಿನಾಲ್ಕು ವರ್ಷ ಒಂದೊಂದು ಮಾತಿಗೂ ಮೊದಲು ನಿನ್ನ ಮುಖ ನೋಡಿದ್ದೇನೆ. ಊಟ ಹಾಕಿದ್ದೀ, ಓದಿಸಿದ್ದೀ, ಈ ಪೇಪರು ಪಾಸು ಮಾಡಿಸಿದ್ದೂ ನೀನೇ. ಅದನ್ನ ಇಲ್ಲ ಅನ್ನಲ್ಲ. ಆದ್ರೆ ಅವತ್ತು ನೀನು ಹೊಡೆದದ್ದು ನಾನು ಸುಳ್ಳು ಹೇಳಿದೆ ಅಂತ ಅಲ್ಲ. ನಿಜ ಹೇಳಿದೆ ಅಂತ. ಅದು ನಿನಗೂ ಗೊತ್ತಿತ್ತು."

"ಗೊತ್ತಿತ್ತು."

"ತಪ್ಪಾಯ್ತು ಅಂತ ಒಂದು ದಿನ ಹೇಳಲಿಲ್ಲ."

"ಹೇಳಲಿಲ್ಲ."

"ಈಗಲೂ ಹೇಳ್ತಿಲ್ಲ."

ಅವಳ ದನಿ ಏರಲಿಲ್ಲ. ಅಳಲೂ ಇಲ್ಲ. ಕಂಪನಿಯ ಲೆಕ್ಕ ಹೇಳಿದ ಹಾಗೆಯೇ ಹೇಳಿದಳು, ಒಂದಾದ ಮೇಲೆ ಒಂದು. ಹಾಗೆ ಹೇಳು ಅಂತ ಎರಡೂವರೆ ತಿಂಗಳು ಕೂತು ಹೇಳಿಕೊಟ್ಟವಳು ನಾನು. ಇದರಲ್ಲಿ ಯಾವ ಕಾರಣವನ್ನೂ ತೆಗೆದುಹಾಕುವ ಹಾಗಿರಲಿಲ್ಲ.

"ತಪ್ಪಾಯ್ತು" ಅಂದೆ.

ಅವಳು ತಲೆ ಆಡಿಸಿದಳು. ಚೂಡಿದಾರನ್ನು ಬ್ಯಾಗಿನೊಳಗೆ ಇಟ್ಟಳು. "ಆದ್ರೂ ನಾನು ಅಲ್ಲೇ ಇರ್ತೇನೆ."

"ಇರು."

"ಹಬ್ಬಕ್ಕೆ ಬರ್ತೇನೆ. ವಾರವಾರ ಬರ್ತೇನೆ ಅಂತ ಹೇಳಲ್ಲ, ಹೇಳಿದ್ರೆ ಸುಳ್ಳಾಗ್ತದೆ."

"ಬೇಡ, ಹೇಳಬೇಡ."

ಭಾನುವಾರ ಮಧ್ಯಾಹ್ನ ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ನರಸಿಂಹರಾಜಪುರದ ಬಸ್ಸು ಹತ್ತಿಸಿದೆ. ಎರಡು ಬ್ಯಾಗು, ಒಂದು ಬಕೆಟ್ಟು, ಬಕೆಟ್ಟಿನೊಳಗೆ ಉಪ್ಪಿನಕಾಯಿ ಡಬ್ಬ. ಕಂಡಕ್ಟರು ಬಕೆಟ್ಟಿಗೆ ತಕರಾರು ಮಾಡಿದ. ನಾನು ಬಾಯಿ ಮಾಡುವ ಮೊದಲೇ ಅವಳು, "ತೊಡೆ ಮೇಲೆ ಇಟ್ಕೊಳ್ತೇನೆ, ನಿಮಗೆಂಥ ತೊಂದರೆ?" ಅಂದಳು. ಅವನು ಟಿಕೆಟ್ ಹರಿದು ಕೊಟ್ಟ. ಬಸ್ಸು ಹೋಯಿತು. ಕಿಟಕಿಯಿಂದ ಕೈ ಬೀಸಿದಳೋ ಇಲ್ಲವೋ ನನಗೆ ಕಾಣಲಿಲ್ಲ, ಆ ಕಡೆ ಬಿಸಿಲಿತ್ತು.

ಬಾಳಗಡಿಗೆ ನಡೆದೇ ಬಂದೆ. ಸಂಜೆ ನಾಲ್ಕಕ್ಕೆ ನೀರು ಬಿಟ್ಟರು. "ನೀರು ಬಂತು" ಅಂತ ಗಟ್ಟಿಯಾಗಿ ಹೇಳಿ, ಹೋಗಿ ನಾನೇ ಹಿಡಿದೆ. ಅವಳು ಇದ್ದಾಗಲೂ ಈ ಮನೆಯಲ್ಲಿ ಸದ್ದಿರಲಿಲ್ಲ. ಆದರೆ ಎರಡು ಜನ ಸುಮ್ಮನಿರುವುದು ಬೇರೆ, ಒಬ್ಬಳು ಸುಮ್ಮನಿರುವುದು ಬೇರೆ. ಈ ವಯಸ್ಸಿಗೆ ಅದೊಂದು ಹೊಸದಾಗಿ ಕಲಿತೆ.

ಮರುದಿನ ಬೆಳಿಗ್ಗೆ ಕಾಫಿ ಕುಡಿದು, ಹೋದ ತಿಂಗಳ ಕ್ಯಾಲೆಂಡರಿನ ಹಾಳೆ ಹರಿದು, ಅದರ ಬೆನ್ನಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದೆ: ಕಾಲೇಜು ಹುಡುಗಿಯರಿಗೆ ರೂಮು ಬಾಡಿಗೆಗೆ ಇದೆ. ಊಟ ಸೇರಿ. ಕೆಳಗೆ ಇನ್ನೂ ಬರೆದೆ: ಮಳೆಗಾಲದಲ್ಲಿ ಒಂದು ಮೂಲೆ ಸೋರುತ್ತದೆ. ಬಚ್ಚಲು ಹೊರಗೆ. ಮನೆಯ ಅಜ್ಜಿಯ ಬಾಯಿ ಜೋರು, ಕೈಯೂ ಜೋರಿತ್ತು, ಈಗ ಇಲ್ಲ. ನೋಡಿ ಒಪ್ಪಿಗೆಯಾದರೆ ಮಾತ್ರ ಬರುವುದು. ಅದನ್ನು ಗೇಟಿಗೆ ದಾರದಿಂದ ಕಟ್ಟಿ, ಒಳಗೆ ಬಂದು ಆ ಕೋಣೆಯ ಮಂಚ ಎಳೆದು ಕಸ ಗುಡಿಸಿದೆ.